ಬಿಟ್ಟ ಬೇರು

ನಾನು ಚಿಕ್ಕವನಿದ್ದಾಗ ನಡೆದ ಈ ಸಂಗತಿಯಲ್ಲಿ ಎಷ್ಟು ನನ್ನ ನೆನಪು, ಎಷ್ಟು ಆಮೇಲೆ ಓದಿ ಸೇರಿಸಿಕೊಂಡದ್ದು ಎಂದು ಆಣೆ ಮಾಡಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿದವನಿಗೆ ಇದೊಂದು ಚಾಳಿ, ತನ್ನ ಬಾಲ್ಯವನ್ನೂ ಪರೀಕ್ಷೆಗೆ ಕೂರಿಸುತ್ತಾನೆ. ಅಕ್ಕನನ್ನು ಕೇಳಿದರೆ ಅವಳು ಇನ್ನೊಂದೇ ಹೇಳುತ್ತಾಳೆ. ಆದರೂ ಮಕ್ಕಳೇ, ನನಗೆ ತಿಳಿದಷ್ಟು ಹೇಳುತ್ತೇನೆ.

ನಮ್ಮದು ಜಗಳೂರು ತಾಲ್ಲೂಕಿನಲ್ಲಿ, ಸೊಕ್ಕೆಯಿಂದಾಚೆ, ಗುಡ್ಡದ ಬುಡದ ಹಟ್ಟಿ. ನಾವು ಮ್ಯಾಸಬೇಡರು. ಗುಡ್ಡದಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ತಾವಾಗಿ ಹುಟ್ಟಿದ ಶ್ರೀಗಂಧದ ಮರಗಳಿದ್ದವು. ಮರಗಳು ಸರ್ಕಾರದವು. ಆದರೆ ಯಾವುದು ಬಲಿತಿದೆ, ಯಾವುದು ಒಣಗುತ್ತಿದೆ, ಯಾವುದನ್ನು ಇನ್ನೂ ಮುಟ್ಟಬಾರದು ಎಂಬುದು ಗೊತ್ತಿದ್ದದ್ದು ನಮ್ಮವರಿಗೆ. ಹಾಗಾಗಿ ಮರ ತೆಗೆಸುವಾಗ ಅಪ್ಪನಿಗೆ ಕರೆ ಬರುತ್ತಿತ್ತು. ಅಪ್ಪ ತೊಗಟೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಿದ್ದ. ಆಮೇಲೆ ಹೂಂ ಅನ್ನುತ್ತಿದ್ದ, ಇಲ್ಲವೇ ಮುಂದಕ್ಕೆ ನಡೆಯುತ್ತಿದ್ದ.

ಗಂಧದ ಮರವನ್ನು ಕಡಿಯುವುದಿಲ್ಲ, ಸುತ್ತ ಗುಂಡಿ ತೋಡಿ ಬೇರುಸಮೇತ ಕೀಳುತ್ತಾರೆ. ಎಣ್ಣೆ ಹೆಚ್ಚಾಗಿ ಇರುವುದು ಬುಡ ಮತ್ತು ಬೇರಿನಲ್ಲಿ. ಆದರೆ ನಮ್ಮ ಹಟ್ಟಿಯವರು ಒಂದು ಬೇರನ್ನು, ಹೆಬ್ಬೆರಳು ಗಾತ್ರದ್ದನ್ನು, ಮಣ್ಣಿನಲ್ಲೇ ಉಳಿಸಿ ಗುಂಡಿ ಮುಚ್ಚುತ್ತಿದ್ದರು. ಮಳೆ ಬಿದ್ದ ಮೇಲೆ ಅದರಿಂದ ಮರಿ ಏಳುತ್ತಿತ್ತು. ಇದಕ್ಕೆ ದೊಡ್ಡ ಹೆಸರೇನೂ ಇರಲಿಲ್ಲ, ‘ಬಿಡುವುದು’ ಅನ್ನುತ್ತಿದ್ದೆವು. ಗುಂಡಿ ಮುಚ್ಚುವ ಮುಂಚೆ ಒಬ್ಬರು “ಬಿಟ್ಟೇನೋ?” ಅಂದರೆ ಇನ್ನೊಬ್ಬರು “ಬಿಟ್ಟೆ” ಅನ್ನಬೇಕು. ಅಷ್ಟೇ.

ಆ ದಿನ ಅಪ್ಪ ಎದೆಯುದ್ದದ ಗುಂಡಿಯಲ್ಲಿದ್ದ. ಅಕ್ಕ ಮತ್ತು ನಾನು ಪುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದೆವು. ನೆತ್ತಿಯ ಮೇಲೆ ಬಿಸಿಲಿತ್ತು ಎಂದು ನನ್ನ ನೆನಪು. ಸಂಜೆಯಾಗಿತ್ತು ಎಂದು ಅಕ್ಕನ ವಾದ. ಬುಡವನ್ನು ಹಗ್ಗ ಕಟ್ಟಿ ಮೇಲೆತ್ತಿದ್ದಾಗಿತ್ತು. ಆಗ ಜೀಪು ಬಂತು. ಕಾಡಿನ ಸಾಹೇಬರು ಇಳಿದು ಗುಂಡಿಗೆ ಇಣುಕಿದರು, ಹಿಂದೆ ಅವರ ಗಾರ್ಡು.

“ಬೇರೆಲ್ಲ ಬಂತೇನಪ್ಪಾ?”

“ಬಂತ್ರೀ ಸಾಹೇಬ್ರೆ,” ಅಂದ ಅಪ್ಪ.

ಅಪ್ಪ ಮರೆತಿದ್ದಾನೆ ಎಂದುಕೊಂಡೆ ನಾನು. ನನಗೆ ಗೊತ್ತಿದೆ ಎಂದು ತೋರಿಸುವ ಉಮೇದು ಬೇರೆ. “ಇಲ್ಲಪ್ಪಾ, ಒಂದು ಬಿಟ್ಟೀವಲ್ಲ!” ಎಂದು ಕೂಗಿದೆ.

ಸಾಹೇಬರ ಮುಖ ಬದಲಾಯಿತು. “ಬಿಟ್ಟೀರಾ? ಎಲ್ಲಿ ಬಿಟ್ಟೀರಿ? ಯಾರಿಗೆ ಬಿಟ್ಟೀರಿ?”

“ಯಾರಿಗೂ ಇಲ್ರೀ. ಗುಡ್ಡಕ್ಕೆ ಬಿಟ್ಟೀವ್ರೀ, ಮರಿ ಬರಾಕೆ,” ಅಂದ ಅಪ್ಪ.

“ಗುಡ್ಡ ಏನು ಸಂತೆಗೆ ಹೋಗಿ ಮಾರ್ಕಂಡು ಬರ್ತೈತಾ?” ಎಂದು ಗಾರ್ಡು ನಕ್ಕ.

ಸಾಹೇಬರು ನಗಲಿಲ್ಲ. ಅಪ್ಪ ಆಗಲೇ ಆ ಬೇರನ್ನು ಕಿತ್ತು ಎಲ್ಲೋ ಬಚ್ಚಿಟ್ಟಿದ್ದಾನೆ ಎಂಬುದು ಅವರ ಲೆಕ್ಕ. “ಮಣ್ಣಲ್ಲೇ ಇದ್ದರೆ ಈಗಲೇ ತೆಗೆದು ತೋರಿಸು. ಇಲ್ಲಾಂದ್ರೆ ಜೀಪು ಹತ್ತು,” ಅಂದರು. ಜೀಪು ಹತ್ತಿದವರು ಬೇಗ ತಿರುಗಿ ಬರುವುದಿಲ್ಲ ಎಂಬುದು ಹಟ್ಟಿಯ ಕೂಸಿಗೂ ಗೊತ್ತಿತ್ತು.

ಅಕ್ಕ ನನ್ನ ತೋಳು ಚಿವುಟಿದಳು. “ಬಾಯಿ ಮುಚ್ಕಂಡಿರಾಕೆ ಏನಾಗಿತ್ತೋ ನಿನಗೆ, ಕಾಗೆ!”

ಆ ಬೇರು ಒಂದು ಬಂಡೆಯ ಅಡಿಗೆ ನುಗ್ಗಿತ್ತು. ಅಪ್ಪ ಮಲಗಿ ಕೈ ಹಾಕಿದ. ಭುಜ ಅಡ್ಡ ಬಂತು. ಇನ್ನೊಂದು ಮಗ್ಗುಲಿಂದ ಪ್ರಯತ್ನಿಸಿದ. ಆಗಲಿಲ್ಲ. ಗಾರ್ಡು ನನ್ನನ್ನು ನೋಡಿ, “ಇವನು ತೂರ್ತಾನೆ ಬಿಡ್ರಿ,” ಅಂದ.

ಕುಡುಗೋಲು ಹಿಡಿದು ನಾನು ತೂರಿದೆ. ತಲೆ, ಒಂದು ಕೈ, ಎದೆ ಒಳಗೆ ಹೋದವು. ಅಲ್ಲಿಗೆ ಸಿಕ್ಕಿಕೊಂಡೆ. ಮುಂದಕ್ಕೂ ಹೋಗಲಾರೆ, ಹಿಂದಕ್ಕೂ ಬರಲಾರೆ. ಕತ್ತಿನ ಮೇಲೆ ಮಣ್ಣು ಉದುರುತ್ತಿತ್ತು, ಕಿವಿಯೊಳಗೆ ಇರುವೆ ಹರಿದಾಡುತ್ತಿತ್ತು, ಉಸಿರು ಬಂಡೆಗೆ ಬಡಿದು ನನ್ನ ಮುಖಕ್ಕೇ ವಾಪಸು ಬರುತ್ತಿತ್ತು. ಬೆರಳಿಗೆ ಬೇರು ತಾಗಿತು. ತಣ್ಣಗಿತ್ತು, ತೇವವಾಗಿತ್ತು, ಜೀವದಿಂದಿತ್ತು.

“ಸಿಕ್ತೇನೋ?” ಮೇಲಿನಿಂದ ಸಾಹೇಬರ ದನಿ.

ಕಡಿದರೆ ಮರಿ ಬರುವುದಿಲ್ಲ. ಕಡಿಯದಿದ್ದರೆ ಅಪ್ಪ ಮನೆಗೆ ಬರುವುದಿಲ್ಲ. ಅಪ್ಪ ಏನಾದರೂ ಹೇಳಲಿ ಎಂದು ಕಾದೆ. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಕಡಿದೆ. ಬಂಡೆಯ ಅಡಿಯೆಲ್ಲ ಗಂಧ ಘಮ್ಮೆಂದಿತು ಎಂದು ಎಷ್ಟೋ ವರ್ಷ ನಂಬಿದ್ದೆ. ಅಷ್ಟು ತೆಳ್ಳಗಿನ ಬೇರಿಗೆ ಪರಿಮಳ ಇರುವುದೇ ಅನುಮಾನ ಎಂದು ಆಮೇಲೆ ಓದಿ ತಿಳಿದೆ. ಪರಿಮಳ ನಾನೇ ಕಟ್ಟಿಕೊಂಡದ್ದಿರಬಹುದು. ಕಡಿದದ್ದು ಮಾತ್ರ ಕಟ್ಟಿಕೊಂಡದ್ದಲ್ಲ.

ಅಪ್ಪ ನನ್ನ ಕಾಲು ಹಿಡಿದು ಹೊರಗೆಳೆದ. ಸಾಹೇಬರು ಬೇರಿನ ಹಸಿ ಮಣ್ಣು ನೋಡಿ, “ಹೋಗಲಿ, ಇನ್ನು ಮೇಲೆ ಹುಷಾರು,” ಎಂದು ಅದನ್ನು ರಾಶಿಗೆ ಎಸೆದರು. ಜೀಪು ಅಪ್ಪನನ್ನು ಬಿಟ್ಟು ಹೋಯಿತು. ಅಪ್ಪ ಬೈಯಲಿಲ್ಲ. ಟವೆಲಿನ ತುದಿಯಿಂದ ನನ್ನ ಕಿವಿಯ ಮಣ್ಣು ತೆಗೆದ, ಗುಂಡಿ ಮುಚ್ಚಿದ. ಆ ದಿನ “ಬಿಟ್ಟೇನೋ?” ಎಂದು ಯಾರೂ ಕೇಳಲಿಲ್ಲ. ಆಮೇಲೆ ಎಷ್ಟೋ ಬೇಸಿಗೆ ಅಪ್ಪನಿಗೆ ಕರೆ ಬಂತು, ಅಪ್ಪ ಹೋದ, ಮರ ತೋರಿಸಿದ. ಬೇರನ್ನು ಮಾತ್ರ ಮತ್ತೆಂದೂ ಬಿಡಲಿಲ್ಲ.

ಈಗ ನಾವಿರುವುದು ಹೊನ್ನಾಳಿಯ ಕಡೆ, ನೀವು ಅಲ್ಲಿನ ಶಾಲೆಗೆ ಹೋಗುತ್ತೀರಿ. ದಾರಿಯಲ್ಲಿ ಯಾರದೋ ಹೊಲದಲ್ಲಿ ಗಂಧದ ಗಿಡಗಳು ಸಾಲಾಗಿ ನಿಂತಿವೆ, ಸುತ್ತ ತಂತಿ ಬೇಲಿ, ಕಂಬದ ಮೇಲೆ ಕ್ಯಾಮೆರಾ. ಅತ್ತ ನಮ್ಮ ಹಟ್ಟಿಯಲ್ಲಿ ಈಗ ಅರಣ್ಯ ಸಮಿತಿ ಇದೆ. ಅಕ್ಕನ ಸೊಸೆ ಅದರ ಸಭೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಸಾಹೇಬರಿಗೆ ಎದುರು ಮಾತನಾಡಿ ಬರುತ್ತಾಳೆ. ನಿಮಗೂ ಶಾಲೆಯಲ್ಲಿ ಅನಿಸಿದ್ದನ್ನು ಕೈಯೆತ್ತಿ ಹೇಳಲು ಕಲಿಸುತ್ತಾರೆ, ಹೇಳಿದರೆ ಚಪ್ಪಾಳೆ.

ಮೊನ್ನೆ ಈ ಕಥೆ ಕೇಳಿ ನಿಮ್ಮಲ್ಲಿ ಒಬ್ಬಳು, “ಅಜ್ಜಾ, ಬೇರು ಸಿಗಲಿಲ್ಲ ಅಂತ ಹೇಳಬಹುದಿತ್ತಲ್ಲ?” ಅಂದಳು. ಹೌದು ಮಗಾ. ನಿನ್ನ ಕಾಲದಲ್ಲಿ ಹಾಗೆ ಹೇಳಿ ಅಪ್ಪನ ಕೈ ಹಿಡಿದು ಮನೆಗೆ ಬರಬಹುದು. ನನ್ನ ಕಾಲದಲ್ಲಿ ಹಾಗೆ ಹೇಳಿದ್ದರೆ ನಾನು ಅಕ್ಕನ ಕೈ ಹಿಡಿದು ಬರಬೇಕಿತ್ತು.