ಕರುಣಮ್ಮತ್ತೆಯ ಹುಳಿ ಚಕ್ಕೋತ

ಚಕ್ಕೋತ ಸುಲಿದ ಕೈಯನ್ನು ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ, ನೀವೂ ನೋಡಿರುತ್ತೀರಿ. ಇವತ್ತು ಬೆಳಿಗ್ಗೆ ತಳ್ಳುಗಾಡಿಯವನ ಹತ್ತಿರ ಬೀದಿಗೆಲ್ಲ ಕೇಳುವ ಹಾಗೆ ಚೌಕಾಸಿ ಮಾಡಿ ಒಂದನ್ನು ತಂದೆ. ನನ್ನವರು ತೀರಿಕೊಂಡ ಮೇಲೆ ಚರ್ಚಿನಲ್ಲಿ ನಾನು ಬಾಯಿ ತೆರೆದಿಲ್ಲ. ಹಾಡಲು ಕರೆದರೆ ಗಂಟಲು ಸರಿಯಿಲ್ಲ ಎನ್ನುತ್ತೇನೆ. ಆ ಗಂಟಲಿನ ಪ್ರತಾಪವನ್ನು ಇವತ್ತಿನ ಚೌಕಾಸಿಯಲ್ಲಿ ಪಕ್ಕದ ಮನೆಯವರು ಕಿಟಕಿಯಿಂದ ಕೇಳಿಸಿಕೊಂಡರು ಎನ್ನುವುದು ಬೇರೆ ಮಾತು. ಹಣ್ಣಿನ ಸಿಪ್ಪೆಗೆ ಉಗುರು ಹಾಕಿದ್ದೇ ತಡ, ಕರುಣಮ್ಮತ್ತೆ ಎದುರಿಗೆ ಬಂದು ಕೂತ ಹಾಗಾಯಿತು.

ಅತ್ತೆ ನಮ್ಮಪ್ಪನ ಅಕ್ಕ. ಅರವತ್ತರ ದಶಕದ ಕೊನೆಯ ಮಾತು ಇದು. ದೇವನಹಳ್ಳಿಯಿಂದ ಆವತಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಬೆರಳೆಣಿಕೆಯಷ್ಟು ಕ್ರೈಸ್ತರ ಮನೆ, ಹೆಂಚಿನ ಪುಟ್ಟ ಚರ್ಚು. ಅತ್ತೆಯ ನಗು ಊರಿಗೇ ಹೆಸರುವಾಸಿ. ಪ್ರಾರ್ಥನೆಯ ಮಧ್ಯೆ ಅದು ಹೊರಟರೆ ಪಾದ್ರಿ ಅಯ್ಯನವರು ಸುಮ್ಮನೆ ಆಮೆನ್ ಹೇಳಿ ಮುಗಿಸಿಬಿಡುತ್ತಿದ್ದರು. ಒಂದು ಮಳೆಗಾಲ ಅವಳ ಮನೆಯ ಗೋಡೆ ಕುಸಿಯಿತು. ಅಪ್ಪ ಗಾಬರಿಯಿಂದ ಓಡಿಹೋದರೆ ಅವಳು ಮಣ್ಣಿನ ಗುಡ್ಡೆಯ ಮೇಲೆ ಕೂತು ನಗುತ್ತಿದ್ದಳಂತೆ. "ಗಾಳಿ ಬರಲ್ಲ, ಗಾಳಿ ಬರಲ್ಲ ಅಂತ ದಿನಾ ಪ್ರಾರ್ಥನೆ ಮಾಡ್ತಿದ್ದೆ ಕಣೋ. ದೇವ್ರು ಗೋಡೆನೇ ತೆಗೆದ್ಬಿಟ್ಟ!"

ಅವಳ ಗಂಡ ಯೋಸೇಫಪ್ಪ ಮಾವ ಹಿತ್ತಲಲ್ಲಿ ಒಂದು ಚಕ್ಕೋತದ ಗಿಡ ನೆಟ್ಟಿದ್ದ. ದೂರದ ಬಾವಿಯಿಂದ ಸೀಮೆಎಣ್ಣೆ ಡಬ್ಬದಲ್ಲಿ ನೀರು ಹೊತ್ತು ತಂದು, ಮಗುವಿಗೆ ಹಾಲು ಕುಡಿಸುವವನ ಹಾಗೆ ಬುಡಕ್ಕೆ ಹೊಯ್ಯುತ್ತಿದ್ದ. "ಇದರ ಹಣ್ಣು ತಿಂದೋರು ಆಮೇಲೆ ಸಕ್ಕರೆ ಮುಟ್ಟಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಗಿಡ ಮೊದಲ ಸಲ ಹೂ ಬಿಟ್ಟ ವರ್ಷವೇ ಜ್ವರ ಬಂದು ಮಾವ ಹೋಗಿಬಿಟ್ಟ.

ಅತ್ತೆಯ ನಗು ನಿಂತುಹೋಯಿತು. ಅಪ್ಪ ಸಮಾಧಾನ ಹೇಳಲು ಹೋದಾಗ ಅವಳು ಹೇಳಿದ ಮಾತು ಇದು: "ನಾನು ದೇವ್ರಿಗೆ ಟೂ ಬಿಟ್ಟಿದೀನಿ ಕಣೋ. ಅವನ ಮನೆಗೆ ಬರ್ತೀನಿ, ಕೂತ್ಕೋತೀನಿ. ಮಾತು ಮಾತ್ರ ಇಲ್ಲ."

"ಅವನೇ ಮಾತಾಡಿಸಿದ್ರೆ?"

"ಮೊದ್ಲು ಮಾತಾಡಿಸ್ಲಿ, ಆಮೇಲೆ ನೋಡೋಣ."

ಹಾಗೆಯೇ ನಡೆದುಕೊಂಡಳು. ಭಾನುವಾರ ತಪ್ಪದೆ ಬಂದು, ಎಲ್ಲರೂ ಹಾಡುವಾಗ ತುಟಿ ಬಿಗಿದು ಕೂರುತ್ತಿದ್ದಳು. ನನಗೆ ಅಳು ಬರುತ್ತಿತ್ತು. ಅತ್ತೆ ಇನ್ನೆಂದೂ ನಗುವುದೇ ಇಲ್ಲವೇನೋ ಎಂಬ ಭಯ ನಮ್ಮ ಮನೆಯವರನ್ನೆಲ್ಲ ಹಿಡಿದಿತ್ತು.

ನಮ್ಮಲ್ಲಿ ಸುಗ್ಗಿ ಹಬ್ಬವೆಂದರೆ ಮೊದಲ ಫಲ ದೇವರಿಗೆ. ರಾಗಿ, ಅವರೆಕಾಯಿ, ಕುಂಬಳಕಾಯಿ, ಕೋಳಿ, ಏನಿದ್ದರೆ ಅದನ್ನು ತಂದು ಪೀಠದ ಮುಂದೆ ಇಟ್ಟು, ಆರಾಧನೆ ಮುಗಿದ ಮೇಲೆ ಹೊಂಗೆ ಮರದಡಿ ಹರಾಜು ಹಾಕುತ್ತಾರೆ. ಆ ವರ್ಷ ಮಾವನ ಗಿಡದಲ್ಲಿ ಉಳಿದದ್ದು ಒಂದೇ ಒಂದು ಚಕ್ಕೋತ. "ಬೇಡ ಬಿಡಕ್ಕಾ, ಇದೊಂದು ಮನೇಲಿರ್ಲಿ" ಎಂದು ಅಪ್ಪ ಹೇಳಿದರೆ, "ಟೂ ಬಿಟ್ರೆ ಕೊಡೋದು ಕೊಡಬಾರ್ದಾ?" ಎಂದಳು. ಪೀಠದ ಮುಂದೆ ಅದನ್ನು ದಪ್ಪೆಂದು ಇಟ್ಟು, ಮೇಲೆ ಕೂಡ ನೋಡದೆ ತಿರುಗಿ ಬಂದಳು.

ಹರಾಜು ಕೂಗುವುದು ಅಪ್ಪನ ಕೆಲಸ. ಚಕ್ಕೋತವನ್ನು ಪಂಚೆಯ ಅಂಚಿನಲ್ಲಿ ಒರೆಸಿ ಮೇಲೆತ್ತಿ ಹಿಡಿದರು. ದ್ರಾಕ್ಷಿ ತೋಟದ ಸ್ಯಾಮುಯೆಲಪ್ಪ ಒಂದು ಬೆಲೆ ಕೂಗಿದರು. ಅತ್ತೆಯ ಪಕ್ಕದ ಮನೆಯ ನಂಜಮ್ಮ ನಮ್ಮ ಸಭೆಯವರಲ್ಲ, ವರ್ಷವೂ ಕುಂಬಳಕಾಯಿ ಆಸೆಗೆ ಬರುವವರು. ಅವರು ಅದರ ಮೇಲೆ ಕೂಗಿದರು. ಇವರು ಏರಿಸಿದರು, ಅವರು ಏರಿಸಿದರು. ಸ್ಯಾಮುಯೆಲಪ್ಪನ ಮುಖ ಕೆಂಪಾಯಿತು, ನಂಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ಬೆಲೆಗೆ ಒಂದು ಮೇಕೆಮರಿ ಬರುತ್ತಿತ್ತು! ಕೊನೆಗೆ ಸ್ಯಾಮುಯೆಲಪ್ಪ ಗೆದ್ದು, ಹಣ್ಣನ್ನು ನೇರವಾಗಿ ತಂದು ಅತ್ತೆಯ ಮಡಿಲಲ್ಲಿಟ್ಟರು. "ನಿಮಗೇ ಅಂತಾನೇ ಕೂಗಿದ್ದು ಕರುಣಮ್ಮಾ."

"ಅಯ್ಯೋ ಶಿವನೇ! ನಾನೂ ಅದಕ್ಕೇ ಅಲ್ವಾ ಕೂಗಿದ್ದು! ಮೊದ್ಲೇ ಬಾಯಿ ಬಿಟ್ಟಿದ್ರೆ ನಿಮ್ಮ ದುಡ್ಡಾದ್ರೂ ಉಳೀತಿತ್ತು" ಎಂದು ನಂಜಮ್ಮ ತಲೆ ತಲೆ ಚಚ್ಚಿಕೊಂಡರು.

ಮಾವನ ಹಣ್ಣನ್ನು ಎಲ್ಲರ ಮುಂದೆಯೇ ತಿನ್ನಬೇಕೆಂದು ಒತ್ತಾಯವಾಯಿತು. ಅತ್ತೆ ಸುಲಿದಳು. ಸುಲಿದಷ್ಟೂ ಸಿಪ್ಪೆಯೇ. ಒಳಗೆ ಮೂಸಂಬಿಯಷ್ಟು ಹಣ್ಣು. ಅವಳು ಎಲ್ಲರಿಗೂ ಚೂರುಚೂರು ಹಂಚಿದಳು. ಬಾಯಿಗಿಟ್ಟ ನನಗೆ ಕಿವಿಯವರೆಗೂ ಹುಳಿ ಏರಿತು, ಹಿಂದೆಯೇ ಕಹಿ. ಉಗಿಯೋಣವೆಂದರೆ ಅಮ್ಮ ತೊಡೆ ಜಿಗುಟಿದಳು. ಅಯ್ಯನವರು ಒಂದು ಕಣ್ಣು ಮುಚ್ಚಿ "ಬಹಳ ರುಚಿ" ಎಂದರು. ಸ್ಯಾಮುಯೆಲಪ್ಪ "ಜೇನು, ಜೇನು" ಎನ್ನುತ್ತ ನೀರಿಗಾಗಿ ಅತ್ತಿತ್ತ ನೋಡಿದರು. ದೇವರ ಅಂಗಳದಲ್ಲಿ ನಿಂತು ಇಡೀ ಸಭೆ ಒಂದೇ ಬಾಯಲ್ಲಿ ಸುಳ್ಳು ಹೇಳುತ್ತಿತ್ತು.

ಕೊನೆಯ ತೊಳೆಯನ್ನು ಅತ್ತೆ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಅವಳು ತಲೆ ಎತ್ತಿ ಆಕಾಶ ನೋಡಿ ಒಂದೇ ಸಲಕ್ಕೆ ಕೂಗಿದಳು: "ಸ್ವಾಮೀ! ಇದಕ್ಕಾ ನನ್ ಗಂಡ ಅಷ್ಟು ವರ್ಷ ನೀರು ಹೊತ್ತಿದ್ದು? ನಿಂಗೆ ಸ್ವಲ್ಪಾನಾದ್ರೂ ನಾಚ್ಕೆ ಬೇಡ್ವಾ?"

ಅತ್ತೆಯೇ ಬೆಚ್ಚಿ ಬಾಯಿಗೆ ಕೈಯಿಟ್ಟುಕೊಂಡಳು. "ಅಯ್ಯೋ, ಮಾತಾಡಿಸ್ಬಿಟ್ನಲ್ಲಾ!"

ಆಗ ಹೊರಟಿತು ನೋಡಿ ಆ ನಗು. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಸುರಿಸಿಕೊಂಡು ನಕ್ಕಳು. ಅಪ್ಪ ಹರಾಜಿನ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ನಕ್ಕರು, ಕೋಳಿಯೂ ಕೂಗಿತು. ಅಯ್ಯನವರಂತೂ ನೆಲದ ಮೇಲೆ ಕೂತೇಬಿಟ್ಟರು. ಮೇಲಿನವನೂ ನಗುತ್ತಿದ್ದಾನೆ ಎಂದು ನಾನು ನಂಬಿದೆ, ಈಗಲೂ ನಂಬುತ್ತೇನೆ. ಆ ಸಂಜೆ ಅತ್ತೆ ಹಾಡಿದಳು, ರಾಗ ತಪ್ಪಿ, ಎಲ್ಲರಿಗಿಂತ ಜೋರಾಗಿ. ಮಾವನಿಗಾಗಿ ಅವಳು ಆಮೇಲೂ ಎಷ್ಟೋ ಸಲ ಅತ್ತಳು. ಆದರೆ ಅತ್ತದ್ದನ್ನೂ ದೇವರಿಗೆ ಹೇಳಿಕೊಂಡೇ ಅತ್ತಳು. ಗಿಡಕ್ಕೆ ನೀರು ಹೊರುವುದನ್ನೂ ಬಿಡಲಿಲ್ಲ.

ಇವತ್ತಿನ ಹಣ್ಣನ್ನು ಸುಲಿದು ಒಂದು ತೊಳೆ ಬಾಯಿಗೆ ಹಾಕಿಕೊಂಡೆ. ಅಷ್ಟು ಚೌಕಾಸಿ ಮಾಡಿ ತಂದದ್ದು, ಕಿವಿಯವರೆಗೂ ಹುಳಿ. ಎದುರಿನ ಖಾಲಿ ಕುರ್ಚಿ ನೋಡಿದೆ. ನನ್ನವರು ಇದ್ದಿದ್ದರೆ ಇದನ್ನೂ ಜೇನು ಎನ್ನುತ್ತಿದ್ದರು. ನಗು ಬಂತು, ಅಳುವೂ ಬಂತು, ಜೊತೆಗೆ ಬಾಯಿಂದ ಮಾತು ಹೊರಟೇಬಿಟ್ಟಿತು.

"ಸ್ವಾಮೀ, ಏನು ಹುಳಿ ಇದು!"