ಗುಂಡಿ ಹಾಕಿದ ಕಪ್ಪೆ

ಅರವತ್ತರ ದಶಕದಲ್ಲಿ ಹೈಸ್ಕೂಲಿನ ವಿಜ್ಞಾನ ಪಠ್ಯಕ್ರಮ ಹೇಗೆ ನಡೆಯುತ್ತಿದೆಯೆಂದು ಶಾಲೆ ಶಾಲೆಗೆ ಹೋಗಿ ನೋಡುವ ಕೆಲಸ ನನ್ನದು. ಮೂಡುಬಿದಿರೆ ಕಡೆಯ ಒಬ್ಬ ಮಾಸ್ಟ್ರು ಕಪ್ಪೆ ಕೊಯ್ಯುವ ಪಾಠವನ್ನೇ ಮಾಡುವುದಿಲ್ಲ ಎಂದು ದೂರು ಬಂತು. ನಿಜವಾಗಿದ್ದರೆ ಅವರ ಕೆಲಸಕ್ಕೇ ಕುತ್ತು. ಹೋಗಿ ನೋಡಿದರೆ ಮಾಸ್ಟ್ರು ಇರುವೆ ಕಂಡರೂ ದಾಟಿಕೊಂಡು ಹೋಗುವ ಜೈನರು.

"ಮಾಡ್ತೇನಲ್ಲ ಸರ್, ಈಗಲೇ ತೋರಿಸ್ತೇನೆ" ಎಂದು ಕಪಾಟಿನಿಂದ ಹಸಿರು ಬಟ್ಟೆಯ ಕಪ್ಪೆಯೊಂದನ್ನು ತೆಗೆದು ಮೇಜಿನ ಮೇಲೆ ಅಂಗಾತ ಮಲಗಿಸಿದರು. ಹೊಟ್ಟೆಗೆ ನಾಲ್ಕು ಗುಂಡಿ. ಬಿಚ್ಚಿದರೆ ಒಳಗೆ ಕೆಂಪು ಹೃದಯ, ಹತ್ತಿಯ ಶ್ವಾಸಕೋಶ, ಉಲ್ಲನ್ ನೂಲಿನ ಕರುಳು, ಎಲ್ಲವೂ ಅದರದರ ಜಾಗದಲ್ಲಿ!

"ಹೊಲಿದದ್ದು ನಮ್ಮ ಮನೆಯವರು" ಎಂದರು.

ನಾನು ನಗು ನುಂಗಿಕೊಂಡು ಫಾರಂ ತೆಗೆದೆ. "ವರ್ಷಕ್ಕೆ ಎಷ್ಟು ಕಪ್ಪೆ ಬೇಕಾಗ್ತದೆ?"

"ಒಂದೇ ಸರ್. ಏಳು ವರ್ಷದಿಂದ ಅದೇ ಉಂಟು."

ವರದಿಯಲ್ಲಿ ಬರೆದೆ: ಪಾಠ ತೃಪ್ತಿಕರ. ಕಪ್ಪೆಯೂ ಕ್ಷೇಮ.