ಶಾಂತವ್ವನ ಎಡಗಾಲು

ಶಾಂತವ್ವನ ಕಾಲುಗಳ ಮೇಲೆ ರಕ್ತನಾಳಗಳು ಗಂಟುಗಂಟಾಗಿ, ನೀಲಿಯಾಗಿ ಎದ್ದಿದ್ದವು. ಮಗ್ಗದ ಕುಣಿಯಲ್ಲಿ ನಲವತ್ತು ವರ್ಷ ಇಳಿಬಿಟ್ಟ ಕಾಲುಗಳವು. ನೇಯಲು ಕೂಡುವ ಮುನ್ನ ಹಳೆಯ ಸೀರೆಯ ದಡಿ ಹರಿದು ಮೊಣಕಾಲ ಕೆಳಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು. "ರಕ್ತ ಕೆಳಗ ಇಳೀಬಾರ್ದ್ರಿ, ಅಕ್ಕಾರ."

ಬೆಟಗೇರಿಯಲ್ಲಿ ನಮಗೂ ಅವಳಿಗೂ ಒಂದೇ ಗೋಡೆ. ಯಜಮಾನರು ಅಂಗಡಿಗೆ ಹೋದರೆ ಸಂಜೆಯವರೆಗೆ ನನ್ನೊಡನೆ ಮಾತಾಡುವವರಿರಲಿಲ್ಲ. ಕ್ರೋಶಾ ಕಡ್ಡಿ ಹಿಡಿದು ಅವಳ ಮಗ್ಗದ ಬದಿಗೆ ಹೋಗಿ ಕೂಡುತ್ತಿದ್ದೆ.

ಕಾನ್ವೆಂಟಿನಲ್ಲಿ ಸಿಸ್ಟರ್ ಬಾಯಿಪಾಠ ಮಾಡಿಸಿದ್ದನ್ನು ಒಂದು ದಿನ ಅವಳಿಗೆ ಹೇಳಿದೆ. "ರಕ್ತ ಇಳಿಯೂ ದಾರಿ ಒಳಗ ಆಳದಾಗ ಐತ್ರಿ, ನಿಮ್ಮ ಪಟ್ಟಿಗೆ ನಿಲ್ಲಂಗಿಲ್ಲ. ನೀವು ತಡಿಯಾಕ ಹತ್ತಿದ್ದು ಏರೂ ದಾರಿ. ಅದರಾಗ ಸಣ್ಣ ಸಣ್ಣ ಬಾಗಲಾ ಅದಾವು, ಏರಿದ ರಕ್ತ ಮತ್ತ ಬೀಳಬಾರ್ದಂತ. ನಿಮ್ಮವು ಸಡ್ಲಾಗ್ಯಾವು, ಡಾಕ್ಟರಗ ತೋರಸ್ರಿ."

"ಬಾಗಲಾ ಸಡ್ಲಾದ್ರ ಬಡಿಗ್ಯಾನ್ನ ಕರಸ್ರಿ, ಡಾಕ್ಟರ್ ಯಾಕ?" ಎಂದು ನಕ್ಕಳು. "ಏರಿ ಎಲ್ಲಿಗೆ ಹೊಕ್ಕೈತಿ ಅದು?"

ನನ್ನೆದೆಯ ಮೇಲೆ ಬೆರಳಿಟ್ಟು ತೋರಿಸಿದೆ. "ಗುಂಡಿಗಿ ಬಲಕ್ಕ. ಅಲ್ಲಿಂದ ಪುಪ್ಪುಸಕ್ಕ. ಗಾಳಿ ತುಂಬಿಕೊಂಡು ಮತ್ತ ಗುಂಡಿಗಿ ಎಡಕ್ಕ, ಆಮ್ಯಾಲ ಮೈಗೆಲ್ಲಾ."

"ನನಗಿಂತ ಅದರ ತಿರುಗಾಟನ ಜಾಸ್ತಿ ಬಿಡ್ರಿ. ನಾ ಲಕ್ಷ್ಮೇಶ್ವರಾ ದಾಟಿಲ್ಲ."

ಪಟ್ಟಿ ಬಿಚ್ಚಿದಳು. ಮರುದಿನ ಮತ್ತೆ ಕಟ್ಟಿಕೊಂಡಳು.

ಹೋದ ಶ್ರಾವಣದಲ್ಲೊಂದು ಮಧ್ಯಾಹ್ನ ಅವಳ ಎಡಗಾಲಿನ ಚೈನು ಚರ್ಮದೊಳಗೆ ಒತ್ತಿಕೊಂಡಿತ್ತು. ಬಲಗಾಲಿನದು ಸಡಿಲಾಗಿಯೇ ಇತ್ತು. ಮುಟ್ಟಿದೆ, ಎಡಗಾಲು ಬಿಸಿ. ಒಂದೇ ಕಾಲು ಹೀಗೆ ಬಾತರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದೆಂದು ಓದಿದ್ದೆ.

"ಏಳ್ರಿ ಶಾಂತವ್ವಾ, ದವಾಖಾನಿಗೆ ಹೋಗೂಣು. ಆಟೋ ಕರೀತೀನಿ."

"ಸೆರಗು ನಾಕ ಬಟ್ಟು ಉಳದೈತಿ. ಅರ್ಧಾ ಸೆರಗು ಬಿಟ್ಟು ಎದ್ದಾಕಿ ಅಲ್ಲ ನಾ. ಮುಂಜಾನಿ ಬರ್ತೀನಿ, ಖರೇನ."

ಸೆರಗು ಹಿಡಿದರೆ ಮುಗಿಸಿಯೇ ಕುಣಿಯಿಂದ ಏಳುವುದು ಅವರ ಮನೆಯ ಪದ್ಧತಿ. ಇನ್ನೊಮ್ಮೆ ಕರೆದೆ. ಅವಳು ಲಾಳಿ ಎಸೆದಳು. ಯಾರೊಡನೆಯೂ ಜಗಳವಾಡಿ ಗೊತ್ತಿಲ್ಲದ ನಾನು, "ಆತು, ಮುಂಜಾನಿ ಹೋಗೂಣು," ಎಂದೆ.

ಮುಂಜಾನೆ ಒಲೆಯ ಮುಂದೆ ಉಸಿರು ಸಿಗದೆ ಕುಸಿದಳು. ಆಟೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಕಾಲಿನ ಹೆಪ್ಪು ಕಿತ್ತು ಬಂದು, ಗುಂಡಿಗೆ ಹಾದು, ಪುಪ್ಪುಸದಲ್ಲಿ ಸಿಕ್ಕಿದೆ ಎಂದರು ಡಾಕ್ಟರು. ದಾರಿ ನನಗೆ ಗೊತ್ತಿದ್ದದ್ದೇ.

ಮಣ್ಣಾದ ಮೇಲೆ, ಮುಂಡರಗಿಯಿಂದ ಬಂದಿದ್ದ ಅವಳ ಮಗಳು ನನ್ನ ಕೈ ಹಿಡಿದು ಅತ್ತಳು. "ಅವ್ವ ಫೋನಿನ್ಯಾಗ ಅಂದಿದ್ಲರಿ, ದವಾಖಾನಿಗೆ ನಡೀರಿ ಅಂತ ಅಕ್ಕಾರು ಬೆನ್ನು ಹತ್ಯಾರ ಅಂತ. ನೀವರ ಎಷ್ಟಂತ ಹೇಳ್ತೀರಿ? ಆಕೀನ ಕೇಳಲಿಲ್ಲ."

ನಾನು "ಆತು" ಎಂದದ್ದನ್ನು ಕೇಳಿದವಳು ಶಾಂತವ್ವ ಒಬ್ಬಳೇ.